ಉತ್ತರಕ್ಕೂ ಮುಂಚಿನ ಆ ಕೆಲವು ಸೆಕೆಂಡು

ಮೊದಲು ಒಂದು ಲೆಕ್ಕ ಕೊಡುತ್ತೇನೆ. 25, 50, 75, 100, 3, 6. ಈ ಆರು ಸಂಖ್ಯೆಗಳನ್ನು ಬಳಸಿ 952 ತರಬೇಕು. ಕೂಡಿ, ಕಳೆಯಿರಿ, ಗುಣಿಸಿ, ಭಾಗಿಸಿ, ಏನು ಬೇಕಾದರೂ ಮಾಡಿ. ಒಂದೊಂದು ಸಂಖ್ಯೆಯನ್ನು ಒಂದೇ ಸಲ ಬಳಸಬೇಕು, ಮಧ್ಯದಲ್ಲಿ ಎಲ್ಲೂ ಭಿನ್ನರಾಶಿ ಬರಬಾರದು. ನಿಮಗಿರುವುದು 30 ಸೆಕೆಂಡು.

ಉತ್ತರ ಆಮೇಲೆ ಹೇಳುತ್ತೇನೆ. ಸುಮ್ನೆ ಒಂದು ಸಲ ಪ್ರಯತ್ನ ಮಾಡಿ ನೋಡಿ. ಪೆನ್ನು ಬೇಡ, ತಲೆಯಲ್ಲೇ. ಹದಿನೈದು ಸೆಕೆಂಡು ಕಳೆಯುವ ಹೊತ್ತಿಗೆ ಒಳಗೆ ಏನೋ ಬಿಗಿಯಾಗುತ್ತದೆ, 900ರ ಹತ್ತಿರ ಬಂದು ಅಲ್ಲೇ ಸುತ್ತು ಹೊಡೆಯುತ್ತಾ ಇರುತ್ತೀರಿ, ಇನ್ನೇನು ಸಿಕ್ಕಿತು ಅನ್ನುವಾಗ ಕೈ ತಪ್ಪುತ್ತದೆ, ಅಲ್ವಾ? ನಾನು ಬರೆಯಲು ಹೊರಟಿರುವುದು ಆ ಸ್ಥಿತಿಯ ಬಗ್ಗೆಯೇ. ಟೀವಿಯ ಗೇಮ್ ಶೋಗಳು ನನಗೆ ಇಷ್ಟು ಇಷ್ಟವಾಗುವುದು ಅದಕ್ಕೇ.

ದೊಡ್ಡ ಬಹುಮಾನ, ಝಗಮಗ ಸೆಟ್ಟು, ಎದೆ ನಡುಗಿಸುವ ಸಂಗೀತ, ಅದೆಲ್ಲ ಸರಿ. ಆದರೆ ಟೀವಿಯಲ್ಲಿ ಬೇರೆಲ್ಲೂ ಸಿಗದ ಒಂದು ಸಂಗತಿ ಇಲ್ಲಿ ಸಿಗುತ್ತದೆ. ಒಬ್ಬ ಮಾಮೂಲಿ ಮನುಷ್ಯ ನಿಜವಾಗಿ ಯೋಚನೆ ಮಾಡುವುದನ್ನು ಹತ್ತಿರದಿಂದ ನೋಡಬಹುದು. ಧಾರಾವಾಹಿಯಲ್ಲಿ ನಟರು ಯೋಚಿಸುವಂತೆ ನಟಿಸುತ್ತಾರೆ. ಚರ್ಚೆಗೆ ಬಂದವರು ಮೊದಲೇ ಯೋಚಿಸಿಟ್ಟಿದ್ದನ್ನು ಹೇಳಿ ಹೋಗುತ್ತಾರೆ. ಗೇಮ್ ಶೋದಲ್ಲಿ ಕೂತವರಿಗೆ ಮಾತ್ರ ಮುಂದೇನು ಅಂತ ನಿಜವಾಗಲೂ ಗೊತ್ತಿರುವುದಿಲ್ಲ. ಹುಬ್ಬು ಗಂಟಾಗುತ್ತದೆ. ಕಣ್ಣು ಮೇಲಕ್ಕೆ ಹೋಗಿ ಅಲ್ಲೇ ನಿಲ್ಲುತ್ತದೆ. ತುಟಿ ಏನನ್ನೋ ಲೆಕ್ಕ ಹಾಕುತ್ತಿರುತ್ತದೆ. ಆಮೇಲೆ ಇದ್ದಕ್ಕಿದ್ದ ಹಾಗೆ ಮುಖ ಬಿಚ್ಚಿಕೊಳ್ಳುತ್ತದೆ, ಅಥವಾ ಬಿಚ್ಚಿಕೊಳ್ಳುವುದೇ ಇಲ್ಲ. ಆ ಮುಖ ನೋಡುವುದಕ್ಕೆ ನಾನು ಎಷ್ಟು ಹೊತ್ತು ಬೇಕಾದರೂ ಕೂರುತ್ತೇನೆ.

ಚಿಕ್ಕಂದಿನಲ್ಲಿ ನಾನೂ ಅಕ್ಕನೂ ಒಂದು ನಿಯಮ ಮಾಡಿಕೊಂಡಿದ್ದೆವು. ಪ್ರಶ್ನೆ ಬಂದ ಮೇಲೆ, ಸ್ಪರ್ಧಿ ಬಾಯಿ ಬಿಡುವ ಮೊದಲೇ ನಾವು ಗಟ್ಟಿಯಾಗಿ ಉತ್ತರ ಹೇಳಿಬಿಡಬೇಕು. ಹೇಳಿದ ಮೇಲೆ ಬದಲಾಯಿಸುವ ಹಾಗಿಲ್ಲ. 'ನಾನೂ ಅದನ್ನೇ ಅಂದುಕೊಂಡಿದ್ದೆ' ಅನ್ನುವ ಮಾತಿಗೆ ಅಂಕವಿಲ್ಲ. ನಾನು ಪ್ರಶ್ನೆ ಅರ್ಧ ಕೇಳಿಯೇ ಏನೋ ಒಂದು ಕೂಗಿಬಿಡುತ್ತಿದ್ದೆ. ಅಕ್ಕ ಹಾಗಲ್ಲ. ಮಂಡಿ ಮೇಲೆ ಗಲ್ಲ ಊರಿಕೊಂಡು, ಟೀವಿಯನ್ನೂ ನೋಡದೆ, ನೆಲ ನೋಡುತ್ತಾ ಕೂರುತ್ತಿದ್ದಳು. ಸ್ಪರ್ಧಿ ಉತ್ತರ ಹೇಳುವುದಕ್ಕೆ ಒಂದು ಉಸಿರಿನಷ್ಟು ಮೊದಲು ಅವಳ ಬಾಯಿಂದ ಮೆಲ್ಲಗೆ ಒಂದು ಪದ ಬೀಳುತ್ತಿತ್ತು. ಹೆಚ್ಚಿನ ಸಲ ಅದೇ ಸರಿ ಇರುತ್ತಿತ್ತು. ಎಷ್ಟೋ ವರ್ಷ ನಾನು ಆಟ ನೋಡುತ್ತಿದ್ದೇನೆ ಅಂದುಕೊಂಡು ಅವಳನ್ನೇ ನೋಡುತ್ತಿದ್ದೆ ಅಂತ ಈಗ ಅನಿಸುತ್ತದೆ.

ಯೋಚಿಸುವ ಮುಖಕ್ಕೆ ಅತಿ ಹೆಚ್ಚು ಜಾಗ ಕೊಟ್ಟ ಶೋ ಯಾವುದು ಅಂದರೆ 'ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್'. ಬ್ರಿಟನ್ನಿನ ಐಟಿವಿಯಲ್ಲಿ 1998ರ ಸೆಪ್ಟೆಂಬರಿನಲ್ಲಿ ಶುರುವಾಯಿತು. ನಡೆಸಿಕೊಟ್ಟವರು ಕ್ರಿಸ್ ಟ್ಯಾರಂಟ್. ಎರಡು ವರ್ಷದ ಒಳಗೆ, 2000ದ ಜುಲೈನಲ್ಲಿ, ಅಮಿತಾಭ್ ಬಚ್ಚನ್ ಅದೇ ಆಟವನ್ನು 'ಕೌನ್ ಬನೇಗಾ ಕರೋಡ್‌ಪತಿ' ಅಂತ ಹಿಂದಿಗೆ ತಂದರು, 2012ರಲ್ಲಿ ಪುನೀತ್ ರಾಜ್‌ಕುಮಾರ್ 'ಕನ್ನಡದ ಕೋಟ್ಯಧಿಪತಿ' ಶುರು ಮಾಡಿದರು. ಎಲ್ಲ ಕಡೆಯೂ ಜನ ಹಣದ ಬಗ್ಗೆಯೇ ಮಾತಾಡಿದರು. ನನಗೆ ಆಶ್ಚರ್ಯ ಆಗುವುದು ಅದರ ನಿಯಮಗಳನ್ನು ಎಷ್ಟು ಜಾಣತನದಿಂದ ಜೋಡಿಸಿದ್ದಾರೆ ಅನ್ನುವುದಕ್ಕೆ.

ಅದಕ್ಕೂ ಮುಂಚಿನ ಬಹುಪಾಲು ಕ್ವಿಝ್‌ಗಳಲ್ಲಿ ವೇಗವೇ ಮುಖ್ಯ. ಬಜರ್ ಒತ್ತು, ಹೇಳು, ಮುಂದೆ ಹೋಗು. ಈ ಶೋದ ಮೂಲ ರೂಪದಲ್ಲಿ ಹಾಟ್ ಸೀಟ್‌ನಲ್ಲಿ ಕೂತವರಿಗೆ ಗಡಿಯಾರವೇ ಇರಲಿಲ್ಲ. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ನಾಲ್ಕು ಆಯ್ಕೆಗಳು ಕಣ್ಣೆದುರೇ ಇರುತ್ತವೆ, ಹಾಗಾಗಿ ಏನೂ ಗೊತ್ತಿಲ್ಲದವರಿಗೂ ಯೋಚಿಸಲು ಒಂದು ಹಿಡಿ ಸಿಗುತ್ತದೆ. ಪ್ರಶ್ನೆ ನೋಡಿದ ಮೇಲೂ, ಬೇಡ, ಇಷ್ಟು ಸಾಕು ಅಂತ ಎದ್ದು ಹೋಗಬಹುದು. ಇದೇ ನನಗೆ ಆ ಆಟದ ಜೀವ ಅನಿಸುವುದು. ಅಲ್ಲಿ ಕೂತವರು ಉತ್ತರ ಯಾವುದು ಅಂತ ಮಾತ್ರ ಯೋಚಿಸುತ್ತಿರುವುದಿಲ್ಲ, ನನಗೆ ಗೊತ್ತಿದೆ ಅಂತ ನಾನು ಅಂದುಕೊಂಡಿರುವುದು ಎಷ್ಟು ನಿಜ ಅಂತ ತಮ್ಮನ್ನೇ ಕೇಳಿಕೊಳ್ಳುತ್ತಿರುತ್ತಾರೆ. ಅದನ್ನು ಬಾಯಿಬಿಟ್ಟು ಹೇಳುತ್ತಾರೆ ಕೂಡ. 'ಇದಂತೂ ಅಲ್ಲ, ಇದನ್ನು ಎಲ್ಲೋ ಓದಿದ ನೆನಪು, ಆದರೆ ಆ ಇಸವಿಗೆ ಹೊಂದುವುದಿಲ್ಲ...' ಹೀಗೆ. ಲೈಫ್‌ಲೈನ್‌ಗಳೂ ಅದಕ್ಕೇ ಇರುವುದು. ಗೆಳೆಯನಿಗೆ ಫೋನ್ ಮಾಡಿದಾಗ ಇನ್ನೊಬ್ಬ ಮನುಷ್ಯ ಯೋಚಿಸುವುದು ಕೇಳಿಸುತ್ತದೆ. ಪ್ರೇಕ್ಷಕರನ್ನು ಕೇಳಿದಾಗ ಇಡೀ ಸ್ಟುಡಿಯೋ ಯೋಚಿಸಿದ್ದು ನಾಲ್ಕು ಕಂಬಗಳಾಗಿ ಕಾಣಿಸುತ್ತದೆ. ಹಿನ್ನೆಲೆ ಸಂಗೀತವನ್ನು ಗಮನವಿಟ್ಟು ಕೇಳಿ. ಆಟ ಬಿಸಿಯಾದ ಮೇಲೆ ಒಂದೊಂದು ಪ್ರಶ್ನೆಗೂ ಸ್ವರ ಅರ್ಧರ್ಧ ಮೆಟ್ಟಿಲು ಮೇಲೇರುತ್ತಾ ಹೋಗುತ್ತದೆ. ಕಿವಿ ಅದನ್ನು ಗುರುತಿಸುವುದಿಲ್ಲ, ಹೊಟ್ಟೆ ಗುರುತಿಸುತ್ತದೆ.

ಇದೇ ಶೋದ ಅಮೆರಿಕದ ಅವತರಣಿಕೆಯಲ್ಲಿ ನನಗೆ ಪ್ರಿಯವಾದ ಒಂದು ಗಳಿಗೆ ಇದೆ. 1999ರ ನವೆಂಬರ್ 19ರಂದು ಜಾನ್ ಕಾರ್ಪೆಂಟರ್ ಕೊನೆಯ ಪ್ರಶ್ನೆಗೆ ಬಂದು ಕೂತಿದ್ದರು. ಅಲ್ಲಿಯವರೆಗೆ ಒಂದೂ ಲೈಫ್‌ಲೈನ್ ಮುಟ್ಟಿರಲಿಲ್ಲ. ಕೊನೆಯ ಪ್ರಶ್ನೆಗೆ ಅಪ್ಪನಿಗೆ ಫೋನ್ ಮಾಡಬೇಕು ಅಂದರು. ಅಪ್ಪ ಫೋನ್ ಎತ್ತಿದಾಗ, ನನಗೆ ಸಹಾಯ ಏನೂ ಬೇಡ, ನಾನು ಈಗ ಹತ್ತು ಲಕ್ಷ ಡಾಲರ್ ಗೆಲ್ಲುತ್ತಿದ್ದೇನೆ, ಅದನ್ನು ನಿಮಗೆ ತಿಳಿಸೋಣ ಅಂತ ಮಾಡಿದೆ ಅಂದರು. ಆಮೇಲೆ ಉತ್ತರ ಹೇಳಿ ಗೆದ್ದೂ ಬಿಟ್ಟರು. ಆ ಶೋದಲ್ಲಿ ಅಷ್ಟು ದೊಡ್ಡ ಮೊತ್ತ ಗೆದ್ದವರಲ್ಲಿ ಅವರೇ ಮೊದಲಿಗರು. ಎಲ್ಲರೂ ಅನುಮಾನದಲ್ಲಿ ಬೇಯುವ ಜಾಗದಲ್ಲಿ ಒಬ್ಬ ಮನುಷ್ಯ ಅನುಮಾನವೇ ಇಲ್ಲದೆ, ಅಪ್ಪನ ಜೊತೆ ಅರ್ಧ ನಿಮಿಷ ಮಾತಾಡಿ ಬಂದ. ಅದನ್ನು ನೋಡುವಾಗ ಈಗಲೂ ಗಂಟಲು ಕಟ್ಟುತ್ತದೆ.

ನಿರೂಪಕರ ಬಗ್ಗೆ ಒಂದು ಮಾತು ಹೇಳಲೇಬೇಕು. ಗೇಮ್ ಶೋದಲ್ಲಿ ಎರಡು ಥರದ ಮೌನ ಇರುತ್ತದೆ. ಒಂದು ಸ್ಪರ್ಧಿಯದು, ಇನ್ನೊಂದು ನಿರೂಪಕರದು. ಸ್ಪರ್ಧಿಯ ಮೌನದೊಳಗೆ ಏನೋ ನಡೆಯುತ್ತಿರುತ್ತದೆ. ನಿರೂಪಕರು ಉತ್ತರ ಗೊತ್ತಿದ್ದೂ ಹೇಳದೆ, ಸ್ಪರ್ಧಿಯ ಮುಖವನ್ನೇ ದಿಟ್ಟಿಸಿ, ಅಲ್ಲಿಗೆ ಜಾಹೀರಾತು ತರುತ್ತಾರಲ್ಲ, ಆ ಮೌನದೊಳಗೆ ಏನೂ ಇಲ್ಲ. ಅದು ಬರೀ ತಡ. ಇತ್ತೀಚಿನ ಎಷ್ಟೋ ಶೋಗಳು ಮೊದಲನೆಯ ಮೌನವನ್ನು ಕತ್ತರಿಸಿ ಎರಡನೆಯದನ್ನು ಎಳೆಯುತ್ತವೆ. ಸ್ಪರ್ಧಿ ಯೋಚಿಸಿದ್ದು ಮೂರು ಸೆಕೆಂಡು ತೋರಿಸುತ್ತಾರೆ, ಫಲಿತಾಂಶವನ್ನು ಮೂರು ನಿಮಿಷ ಎಳೆಯುತ್ತಾರೆ. ನನಗೆ ಇದರಷ್ಟು ಬೇಜಾರಿನ ವಿಷಯ ಬೇರೆ ಇಲ್ಲ. ಒಳ್ಳೆಯ ನಿರೂಪಕರು ಸ್ಪರ್ಧಿ ಯೋಚಿಸುವಾಗ ಸುಮ್ಮನಿರುತ್ತಾರೆ. ಪುನೀತ್ ಅವರಲ್ಲಿ ನನಗೆ ತುಂಬಾ ಹಿಡಿಸಿದ್ದು ಅದೇ. ಎದುರಿಗೆ ಕೂತವರು ತಡವರಿಸಿದಾಗ ಅವರನ್ನು ಅವಸರ ಮಾಡುತ್ತಿರಲಿಲ್ಲ. ನಗುತ್ತಾ ಕಾಯುತ್ತಿದ್ದರು. ಅಷ್ಟು ದೊಡ್ಡ ತಾರೆ ಎದುರಿಗಿದ್ದಾರೆ ಅನ್ನುವುದನ್ನು ಸ್ಪರ್ಧಿ ಸ್ವಲ್ಪ ಹೊತ್ತಿಗೆ ಮರೆತು ಪ್ರಶ್ನೆಯ ಒಳಗೆ ಇಳಿಯುತ್ತಿದ್ದರಲ್ಲ, ಹಾಗೆ ಆಗುವುದಕ್ಕೆ ಬಿಡುವುದು ಸುಲಭದ ಕೆಲಸ ಅಲ್ಲ.

ಈ ಯೋಚಿಸುವ ಮುಖ ಎಷ್ಟು ಬೆಲೆಯುಳ್ಳದ್ದು ಅಂತ ಬೇರೆ ಎಲ್ಲರಿಗಿಂತ ಚೆನ್ನಾಗಿ ತಿಳಿದುಕೊಂಡವರು ಮೋಸ ಮಾಡಿದವರು. 1956ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ 'ಟ್ವೆಂಟಿ ಒನ್' ಅಂತ ಒಂದು ಕ್ವಿಝ್ ಶುರುವಾಯಿತು. ಇಬ್ಬರು ಸ್ಪರ್ಧಿಗಳು ಎರಡು ಗಾಜಿನ ಗೂಡುಗಳಲ್ಲಿ ನಿಲ್ಲುತ್ತಿದ್ದರು. ಒಬ್ಬರಿಗೆ ಇನ್ನೊಬ್ಬರ ಅಂಕ ಗೊತ್ತಾಗುವುದಿಲ್ಲ. 21 ಅಂಕ ಮುಟ್ಟಬೇಕು. ಮೊದಲು ಪ್ರಾಮಾಣಿಕವಾಗಿಯೇ ಆಡಿಸಿದರು. ಸ್ಪರ್ಧಿಗಳು ಸಾಲು ಸಾಲಾಗಿ ತಪ್ಪು ಹೇಳಿದರು, ಪ್ರಾಯೋಜಕರು ಸಿಟ್ಟಾದರು. ಅಲ್ಲಿಂದ ಮುಂದೆ ಎಲ್ಲವೂ ಮೊದಲೇ ಬರೆದಿಟ್ಟ ಆಟ. ಹರ್ಬರ್ಟ್ ಸ್ಟೆಂಪೆಲ್ ಅನ್ನುವ ಸ್ಪರ್ಧಿಗೆ ಉತ್ತರ ಹೇಳಿಕೊಟ್ಟು ವಾರಗಟ್ಟಲೆ ಗೆಲ್ಲಿಸಿದರು. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಚಾರ್ಲ್ಸ್ ವ್ಯಾನ್ ಡೋರೆನ್ ಬಂದಾಗ, ಈಗ ನೀನು ಸೋಲು ಅಂದರು. ತನಗೆ ತುಂಬಾ ಇಷ್ಟವಾಗಿದ್ದ, ಮತ್ತೆ ಮತ್ತೆ ನೋಡಿದ್ದ ಒಂದು ಸಿನಿಮಾದ ಬಗ್ಗೆಯೇ ಪ್ರಶ್ನೆ. ಗೊತ್ತಿದ್ದೂ ತಪ್ಪು ಹೇಳಿ ಸ್ಟೆಂಪೆಲ್ ಸೋಲಬೇಕಾಯಿತು.

ಇಲ್ಲಿ ನನಗೆ ಮುಖ್ಯ ಅನಿಸುವುದು ಇನ್ನೊಂದು ವಿಷಯ. ಅವರಿಗೆ ಕೊಟ್ಟಿದ್ದು ಉತ್ತರಗಳನ್ನು ಮಾತ್ರ ಅಲ್ಲ. ಹೇಗೆ ಯೋಚಿಸಬೇಕು ಅನ್ನುವುದನ್ನೂ ಕಲಿಸಿದ್ದರು. ಹಣೆಯ ಬೆವರನ್ನು ಹೇಗೆ ಒತ್ತಿಕೊಳ್ಳಬೇಕು, ಎಲ್ಲಿ ತೊದಲಬೇಕು, ಎಲ್ಲಿ ನಿಲ್ಲಿಸಬೇಕು, ಪ್ರಶ್ನೆಯ ಯಾವ ಭಾಗವನ್ನು ಬಿಟ್ಟು ಆಮೇಲೆ ಅದಕ್ಕೆ ವಾಪಸ್ ಬರಬೇಕು, ಎಲ್ಲವನ್ನೂ ಅಭ್ಯಾಸ ಮಾಡಿಸಿದ್ದರು. 1959ರ ನವೆಂಬರಿನಲ್ಲಿ ವ್ಯಾನ್ ಡೋರೆನ್ ಸಂಸತ್ತಿನ ಉಪಸಮಿತಿಯ ಮುಂದೆ ಇದನ್ನೆಲ್ಲ ಒಪ್ಪಿಕೊಂಡರು. ಮರುವರ್ಷ ಇಂಥ ಮೋಸವನ್ನು ಅಪರಾಧ ಮಾಡಿ ಕಾನೂನು ಬಂತು. ಜನ ಅಷ್ಟೊಂದು ನೊಂದುಕೊಂಡಿದ್ದು ಯಾಕೆ? ಅವರ ದುಡ್ಡೇನೂ ಹೋಗಿರಲಿಲ್ಲ. ಒಬ್ಬ ಮನುಷ್ಯ ಗಾಜಿನ ಗೂಡಿನಲ್ಲಿ ನಿಂತು ಯೋಚಿಸುವಾಗ ಅವರೂ ಮನೆಯಲ್ಲಿ ಉಸಿರು ಬಿಗಿಹಿಡಿದು ಅವನ ಜೊತೆ ಯೋಚಿಸಿದ್ದರು. ಅವನು ಯೋಚಿಸುತ್ತಲೇ ಇರಲಿಲ್ಲ ಅಂತ ಗೊತ್ತಾದಾಗ ಏನನ್ನಿಸಿರಬೇಕು! ಆಟದಲ್ಲಿ ಯಾರು ಗೆದ್ದರು ಅನ್ನುವುದು ಸುಳ್ಳಾದರೂ ತಡೆದುಕೊಳ್ಳಬಹುದೇನೋ, ಆದರೆ ಆ ಬೆವರು ಸುಳ್ಳಾಗಬಾರದು.

ಈ ಹಗರಣದ ಬೂದಿಯಿಂದಲೇ ನನ್ನ ಇನ್ನೊಂದು ಮೆಚ್ಚಿನ ಶೋ ಹುಟ್ಟಿತು. ಉತ್ತರ ಮೊದಲೇ ಕೊಡುತ್ತಾರೆ ಅನ್ನುವ ಅನುಮಾನದಿಂದ ಕ್ವಿಝ್ ಅಂದರೆ ಚಾನೆಲ್‌ಗಳು ಹೆದರುತ್ತಿದ್ದ ಕಾಲ. ಮರ್ವ್ ಗ್ರಿಫಿನ್ ಹೊಸ ಶೋ ಹುಡುಕುತ್ತಿದ್ದರು. ಅವರ ಹೆಂಡತಿ ಜೂಲಿಯಾನ್, ಹಾಗಾದರೆ ಉತ್ತರಗಳನ್ನೇ ಕೊಟ್ಟುಬಿಡೋಣ, ಪ್ರಶ್ನೆಯನ್ನು ಸ್ಪರ್ಧಿಗಳು ಹೇಳಲಿ ಅಂದರು. '5,280' ಅಂತ ನಿರೂಪಕರು ಹೇಳಿದರೆ, 'ಒಂದು ಮೈಲಿಗೆ ಎಷ್ಟು ಅಡಿ?' ಅಂತ ಸ್ಪರ್ಧಿ ಕೇಳಬೇಕು. ಹೀಗೆ 1964ರಲ್ಲಿ 'ಜೆಪರ್ಡಿ' ಶುರುವಾಯಿತು. ಎಲ್ಲರೂ ಬೈಯುತ್ತಿದ್ದ ಅದೇ ಕಾಯಿಲೆಯನ್ನು ತಿರುಗಿಸಿ ಆಟದ ನಿಯಮ ಮಾಡಿದ್ದು ನೋಡಿ.

ಜೆಪರ್ಡಿ ಬಹಳ ಚುರುಕಿನ ಆಟ. ನಿರೂಪಕರು ಓದಿ ಮುಗಿಸುವ ಮುಂಚೆ ಬಜರ್ ಒತ್ತಿದರೆ ಕಾಲು ಸೆಕೆಂಡು ಬಾಗಿಲು ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಪಕ್ಕದವರು ಒತ್ತಿರುತ್ತಾರೆ. ಯೋಚನೆ ಕಾಣಿಸುವುದಕ್ಕೆ ಅಲ್ಲಿ ಪುರುಸೊತ್ತೇ ಇಲ್ಲ ಅನಿಸುತ್ತದೆ. ಆದರೆ ಕೊನೆಯ ಸುತ್ತಿನಲ್ಲಿ ಎಲ್ಲವೂ ನಿಧಾನವಾಗುತ್ತದೆ. ಎಷ್ಟು ಪಣಕ್ಕೆ ಇಡುತ್ತೀರಿ ಅಂತ ಮೊದಲು ಬರೆಯಬೇಕು, ಆಮೇಲೆ ಸುಳಿವು ಬರುತ್ತದೆ, ಆಮೇಲೆ 30 ಸೆಕೆಂಡು ಸಂಗೀತ. ಆ ಸಂಗೀತವನ್ನು ಗ್ರಿಫಿನ್ ತಮ್ಮ ಮಗನಿಗೆ ಲಾಲಿ ಹಾಡಾಗಿ ಮಾಡಿದ್ದರಂತೆ. ಮಗು ಮಲಗಿಸುವ ರಾಗವನ್ನು ಕೇಳುತ್ತಾ ಮೂವರು ದೊಡ್ಡವರು ತಲೆ ತಗ್ಗಿಸಿ ಬರೆಯುತ್ತಿರುತ್ತಾರೆ. 2004ರಲ್ಲಿ ಕೆನ್ ಜೆನ್ನಿಂಗ್ಸ್ ಸತತವಾಗಿ 74 ಆಟ ಗೆದ್ದರು. ಅವರು ಸೋತ ಆಟದಲ್ಲಿ ಕೊನೆಯ ಸುಳಿವು ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ ಕೆಲಸ ಮಾಡುವ 70,000 ಕಚೇರಿ ಸಿಬ್ಬಂದಿ ಇರುವ ಸಂಸ್ಥೆಯ ಬಗ್ಗೆ. ಜೆನ್ನಿಂಗ್ಸ್ ಹಬ್ಬದ ಕಾಲದ ಕೊರಿಯರ್ ಅಂದುಕೊಂಡು ಒಂದು ಹೆಸರು ಬರೆದರು. ಸರಿಯುತ್ತರ ತೆರಿಗೆ ಲೆಕ್ಕ ಮಾಡಿಕೊಡುವ ಸಂಸ್ಥೆ. ಎಷ್ಟು ಹತ್ತಿರದ ದಾರಿ, ಎಷ್ಟು ದೂರದ ಊರು!

2011ರ ಫೆಬ್ರವರಿಯಲ್ಲಿ ಅದೇ ಜೆನ್ನಿಂಗ್ಸ್, ಜೆಪರ್ಡಿಯ ಇನ್ನೊಬ್ಬ ಚಾಂಪಿಯನ್ ಬ್ರ್ಯಾಡ್ ರಟರ್ ಜೊತೆ ಐಬಿಎಂನ ವಾಟ್ಸನ್ ಅನ್ನುವ ಕಂಪ್ಯೂಟರ್ ಆಡಿತು, ಇಬ್ಬರನ್ನೂ ಸೋಲಿಸಿತು. ತಂತ್ರಜ್ಞಾನದ ದೃಷ್ಟಿಯಿಂದ ದೊಡ್ಡ ಸಾಧನೆ, ಒಪ್ಪುತ್ತೇನೆ. ಆಟವಾಗಿ ನನಗೆ ಅದು ರುಚಿಸಲಿಲ್ಲ. ನೋಡುವುದಕ್ಕೆ ಅಲ್ಲಿ ಮುಖವೇ ಇಲ್ಲ. ಒಂದೇ ಒಂದು ಸಲ ಮಾತ್ರ ನಾನು ನೆಟ್ಟಗೆ ಕೂತೆ. ಅಮೆರಿಕದ ನಗರಗಳ ಬಗ್ಗೆ ಒಂದು ಸುಳಿವು, ಉತ್ತರ ಶಿಕಾಗೊ. ವಾಟ್ಸನ್ ಕೆನಡಾದ ಟೊರಾಂಟೊ ಅಂತ ಬರೆದು, ಮುಂದೆ ಐದು ಪ್ರಶ್ನಾರ್ಥಕ ಚಿಹ್ನೆ ಹಾಕಿತ್ತು. ಪಣಕ್ಕೆ ಇಟ್ಟಿದ್ದು ಬರೀ 947 ಡಾಲರ್. ನನಗೆ ಗೊತ್ತಿಲ್ಲ ಅಂತ ಅದು ಹೇಳಿಕೊಂಡ ಆ ಒಂದು ಗಳಿಗೆಯಲ್ಲಿ ನನಗೆ ಅದರ ಮೇಲೆ ಅಕ್ಕರೆ ಹುಟ್ಟಿತು.

ಯೋಚನೆಯನ್ನು ಬೇರೆ ಬೇರೆ ಕಡೆಗೆ ತಿರುಗಿಸುವ ಶೋಗಳೂ ಇವೆ. 1976ರ 'ಫ್ಯಾಮಿಲಿ ಫ್ಯೂಡ್'ನಲ್ಲಿ ಸರಿಯುತ್ತರ ಅಂತಲೇ ಇಲ್ಲ. ನೂರು ಜನ ಏನು ಹೇಳಿರಬಹುದು ಅಂತ ಊಹಿಸಬೇಕು. 2009ರಲ್ಲಿ ಬಿಬಿಸಿ ಶುರು ಮಾಡಿದ 'ಪಾಯಿಂಟ್‌ಲೆಸ್' ಅದನ್ನು ಉಲ್ಟಾ ಮಾಡಿತು. ಉತ್ತರ ಸರಿಯೂ ಇರಬೇಕು, ಆ ನೂರು ಜನರಲ್ಲಿ ಯಾರಿಗೂ ಹೊಳೆದಿರಲೂಬಾರದು. ಇಂಥ ಕಡೆ ಬರೀ ಓದಿಕೊಂಡವರಿಗಿಂತ ಜನರನ್ನು ಬಲ್ಲವರು ಗೆಲ್ಲುತ್ತಾರೆ, ಅದೇ ಚೆಂದ. 'ದಿ ಪ್ರೈಸ್ ಈಸ್ ರೈಟ್'ನಲ್ಲಿ ಒಂದು ವಸ್ತುವಿನ ಬೆಲೆ ಊಹಿಸಬೇಕು, ನಿಜವಾದ ಬೆಲೆ ದಾಟಬಾರದು, ಹತ್ತಿರ ಬಂದವರು ಗೆದ್ದರು. ನಾಲ್ಕನೆಯವರು ಕೊನೆಗೆ ಹೇಳುವುದರಿಂದ, ಮೂರನೆಯವರು ಹೇಳಿದ್ದಕ್ಕೆ ಒಂದೇ ಡಾಲರ್ ಸೇರಿಸಿ ಅವರನ್ನು ಮುಗಿಸಿಬಿಡಬಹುದು. ನ್ಯಾಯವೇ ಅದು? ನಿಯಮದೊಳಗೇ ಇದೆ. ಆದರೂ ಅಕ್ಕ ಈಗಲೂ ಅದನ್ನು ಒಪ್ಪುವುದಿಲ್ಲ.

ನಿಯಮದೊಳಗೇ ಇದ್ದು ಎಲ್ಲರನ್ನೂ ಬೆಚ್ಚಿಬೀಳಿಸಿದವನು ಮೈಕಲ್ ಲಾರ್ಸನ್. 'ಪ್ರೆಸ್ ಯುವರ್ ಲಕ್' ಅನ್ನುವ ಶೋದಲ್ಲಿ 18 ಚೌಕಗಳ ದೊಡ್ಡ ಹಲಗೆ. ದೀಪ ಚೌಕದಿಂದ ಚೌಕಕ್ಕೆ ಓಡುತ್ತಿರುತ್ತದೆ. ಸ್ಪರ್ಧಿ ಬಜರ್ ಒತ್ತಿದಾಗ ಅದು ನಿಂತಲ್ಲಿ ಹಣ ಸಿಗುತ್ತದೆ, ಇಲ್ಲವೇ ವ್ಯಾಮಿ ಅನ್ನುವ ಭೂತ ಬಂದು ಗಳಿಸಿದ್ದೆಲ್ಲವನ್ನೂ ಬಾಚಿಕೊಂಡು ಹೋಗುತ್ತದೆ. ಎಲ್ಲರೂ ಅದನ್ನು ಬರೀ ಅದೃಷ್ಟ ಅಂದುಕೊಂಡಿದ್ದರು. ಲಾರ್ಸನ್ ಮನೆಯಲ್ಲಿ ಎಪಿಸೋಡುಗಳನ್ನು ರೆಕಾರ್ಡ್ ಮಾಡಿಕೊಂಡು, ಚೌಕ ಚೌಕ ನೋಡಿ, ದೀಪ ಓಡುವುದು ಐದೇ ಐದು ಮಾದರಿಗಳಲ್ಲಿ ಅಂತ ಕಂಡುಹಿಡಿದ. ಎರಡು ಚೌಕಗಳಲ್ಲಿ ಯಾವಾಗಲೂ ಹಣವೂ ಇನ್ನೊಂದು ಸರದಿಯೂ ಇರುತ್ತವೆ, ವ್ಯಾಮಿ ಬರುವುದೇ ಇಲ್ಲ ಅನ್ನುವುದನ್ನೂ ಗುರುತಿಸಿದ. 1984ರಲ್ಲಿ ಸ್ಟುಡಿಯೋಗೆ ಹೋಗಿ 1,10,237 ಡಾಲರ್ ಗೆದ್ದ. 40ಕ್ಕೂ ಹೆಚ್ಚು ಸಲ ಸತತವಾಗಿ ಒತ್ತಿದರೂ ವ್ಯಾಮಿ ಬರಲಿಲ್ಲ. ಚಾನೆಲ್‌ನವರು ತಲೆ ಕೆಡಿಸಿಕೊಂಡು ನೋಡಿದರು. ಅವನು ಯಾವ ನಿಯಮವನ್ನೂ ಮುರಿದಿರಲಿಲ್ಲ, ಹಣ ಕೊಟ್ಟರು. ಆಮೇಲೆ ಮಾದರಿಗಳನ್ನು ಹೆಚ್ಚು ಮಾಡಿದರು.

ಆ ವಿಡಿಯೋ ಸಿಕ್ಕರೆ ಹಲಗೆಯನ್ನು ನೋಡಬೇಡಿ, ಅವನ ಮುಖ ನೋಡಿ. ಉಳಿದ ಇಬ್ಬರು ಕೂಗುತ್ತಾರೆ, ಬೇಡಿಕೊಳ್ಳುತ್ತಾರೆ, ಬಜರ್ ಒತ್ತಿ ಕಣ್ಣರಳಿಸಿ ಕಾಯುತ್ತಾರೆ. ಇವನು ತುಟಿ ಬಿಗಿದು ದೀಪದ ಹಿಂದೆ ಕಣ್ಣು ಓಡಿಸುತ್ತಿರುತ್ತಾನೆ. ಒತ್ತಿದ ಕ್ಷಣವೇ ಕೈ ಎತ್ತಿ ಕುಣಿಯುತ್ತಾನೆ, ದೀಪ ಎಲ್ಲಿ ನಿಂತಿತು ಅಂತ ನೋಡುವುದಕ್ಕೂ ಕಾಯುವುದಿಲ್ಲ. ಅದೃಷ್ಟದ ಆಟದಲ್ಲಿ ಒಬ್ಬನೇ ಒಬ್ಬ ಯೋಚಿಸುತ್ತಿದ್ದ, ಅದು ಮುಖದಲ್ಲೇ ಬರೆದಿತ್ತು.

ಬರೀ ಅದೃಷ್ಟದ ಆಟಗಳು ನನಗೆ ಹಿಡಿಸುವುದಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. 'ಡೀಲ್ ಆರ್ ನೋ ಡೀಲ್'ನಲ್ಲಿ ಮುಚ್ಚಿದ ಪೆಟ್ಟಿಗೆಗಳು, ಒಂದೊಂದಾಗಿ ತೆರೆಯುವುದು, ನಡುನಡುವೆ ಬ್ಯಾಂಕರ್ ಒಂದು ಮೊತ್ತ ಹೇಳುವುದು. ಮೊತ್ತ ತೆಗೆದುಕೊಳ್ಳಬೇಕೋ ಬೇಡವೋ ಅನ್ನುವ ತೀರ್ಮಾನ ಇದೆ, ನಿಜ. ಆದರೆ ಯಾವ ಪೆಟ್ಟಿಗೆ ತೆರೆಯಲಿ ಅಂತ ಕಣ್ಣು ಮುಚ್ಚಿ ಯೋಚಿಸುವವರನ್ನು ನೋಡಿದಾಗ ಸಂಕಟವಾಗುತ್ತದೆ. ಅಲ್ಲಿ ಯೋಚಿಸುವುದಕ್ಕೆ ಏನೂ ಇಲ್ಲ. 'ವೀಲ್ ಆಫ್ ಫಾರ್ಚೂನ್'ನಲ್ಲೂ ಚಕ್ರ ತಿರುಗುತ್ತದೆ, ಆದರೆ ಹಲಗೆಯ ಮೇಲೆ ಅರ್ಧ ತೆರೆದ ಪದಗಳಿರುತ್ತವೆ, ಕಣ್ಣು ತಾನಾಗಿಯೇ ಬಿಟ್ಟ ಜಾಗ ತುಂಬುತ್ತಾ ಹೋಗುತ್ತದೆ. ಹಾಗಾಗಿ ಅದು ಬೇರೆ.

ಬಹುಮಾನದ ವಿಷಯಕ್ಕೆ ಬರುತ್ತೇನೆ. ನಾನು ಅತಿ ಹೆಚ್ಚು ಪ್ರೀತಿಸುವ ಎರಡು ಶೋಗಳಲ್ಲಿ ಹಣವೇ ಇಲ್ಲ. ಒಂದು ಚಂದನದ 'ಥಟ್ ಅಂತ ಹೇಳಿ'. 2002ರಿಂದ ಡಾ. ನಾ. ಸೋಮೇಶ್ವರ ಅವರು ನಡೆಸಿಕೊಡುತ್ತಿರುವ ಕ್ವಿಝ್. ಸರಿಯುತ್ತರ ಹೇಳಿದರೆ ಪುಸ್ತಕ. ಅಬ್ಬರವಿಲ್ಲ, ಭಯ ಹುಟ್ಟಿಸುವ ಸಂಗೀತವಿಲ್ಲ. ಉತ್ತರ ತಪ್ಪಾದರೆ ಮೇಷ್ಟ್ರು ಥರ ತಾಳ್ಮೆಯಿಂದ ವಿವರಿಸುತ್ತಾರೆ, ಸರಿಯಾದರೂ ವಿವರಿಸುತ್ತಾರೆ. ಪುಸ್ತಕ ಕೈಗೆ ಬಂದಾಗ ಕೆಲವರು ತಕ್ಷಣ ಅದರ ಹೆಸರು ನೋಡುತ್ತಾರೆ ನೋಡಿ, ಅದು ನನಗೆ ಬಲು ಇಷ್ಟ.

ಇನ್ನೊಂದು ಬ್ರಿಟನ್ನಿನ 'ಕೌಂಟ್‌ಡೌನ್'. 1982ರ ನವೆಂಬರ್ 2ರಂದು ಚಾನೆಲ್ 4 ಶುರುವಾದಾಗ ಅದರಲ್ಲಿ ಬಂದ ಮೊಟ್ಟಮೊದಲ ಕಾರ್ಯಕ್ರಮ ಇದೇ. ಫ್ರಾನ್ಸಿನ ಇನ್ನೂ ಹಳೆಯ ಆಟವೊಂದರಿಂದ ಬಂದದ್ದು. ಒಂಬತ್ತು ಅಕ್ಷರ ಕೊಟ್ಟು ಅದರಿಂದ ಎಷ್ಟು ಉದ್ದದ ಪದ ಮಾಡುತ್ತೀರಿ ಅಂತ ಕೇಳುತ್ತಾರೆ, ಆರು ಸಂಖ್ಯೆ ಕೊಟ್ಟು ಒಂದು ಮೊತ್ತ ತರಲು ಹೇಳುತ್ತಾರೆ. ದೊಡ್ಡ ಗಡಿಯಾರದ ಮುಳ್ಳು ಅರ್ಧ ಸುತ್ತು ತಿರುಗುತ್ತದೆ, ಅಷ್ಟೇ ಸಮಯ. ಗೆದ್ದವರಿಗೆ ಅದೇ ಗಡಿಯಾರದ ಚಿತ್ರವಿರುವ ಟೀ ಪಾಟ್. ಅದಕ್ಕಾಗಿ ಜನ ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ಆ 30 ಸೆಕೆಂಡು ಕ್ಯಾಮೆರಾ ಏನೂ ಮಾಡುವುದಿಲ್ಲ, ಯೋಚಿಸುವ ಇಬ್ಬರನ್ನು ತೋರಿಸುತ್ತದೆ, ಅಷ್ಟೆ. ನಲವತ್ತು ವರ್ಷ ದಾಟಿದರೂ ಜನ ನೋಡುತ್ತಿದ್ದಾರೆ.

ಮೊದಲಿಗೆ ಕೊಟ್ಟ ಲೆಕ್ಕ ಅಲ್ಲಿಯದೇ, 1997ರ ಒಂದು ಎಪಿಸೋಡಿನದು. ಸ್ಪರ್ಧಿ ತರುಣ ಶಾಂತವಾಗಿ ಹೇಳುತ್ತಾ ಹೋಗುತ್ತಾನೆ. 100ಕ್ಕೆ 6 ಕೂಡಿದರೆ 106. ಮೂರರಿಂದ ಗುಣಿಸಿದರೆ 318. ಅದನ್ನು 75ರಿಂದ ಗುಣಿಸಿ ಅಂತಾನೆ. ಹಲಗೆಯ ಮೇಲೆ ಬರೆಯುತ್ತಿದ್ದ ಕ್ಯಾರಲ್ ವಾರ್ಡರ್‌ಮನ್ ನಗುವುದಕ್ಕೆ ಶುರು ಮಾಡುತ್ತಾರೆ. ಬೇಕಾಗಿರುವುದು 952, ಇವನು 23,850ಕ್ಕೆ ಹೋಗಿ ನಿಂತಿದ್ದಾನೆ. ಅದರಿಂದ 50 ಕಳೆಯಿರಿ, 23,800. ಈಗ 25ರಿಂದ ಭಾಗಿಸಿ. 952.

ಇದು ಮಂತ್ರದಂತೆ ಕಾಣುತ್ತದೆ, ಆದರೆ ಬಿಡಿಸಿ ನೋಡಿದರೆ ಇನ್ನೂ ಚೆಂದ. 318ರ ಮೂರು ಪಟ್ಟು 954, ಅದರಿಂದ 2 ಕಳೆದರೆ 952. ಹಾಗಾಗಿ ನಮಗೆ ಇನ್ನೊಂದು 3 ಬೇಕು, ಒಂದು 2 ಬೇಕು. 75ನ್ನು 25ರಿಂದ ಭಾಗಿಸಿದರೆ 3, 50ನ್ನು 25ರಿಂದ ಭಾಗಿಸಿದರೆ 2. ಆದರೆ ಕೈಯಲ್ಲಿರುವುದು ಒಂದೇ 25. ಎರಡು ಕಡೆ ಹೇಗೆ ಬಳಸುವುದು? ಭಾಗಿಸುವುದನ್ನು ಕೊನೆಯವರೆಗೆ ಮುಂದೂಡಿದರೆ ಸಾಕು, ಒಂದೇ 25 ಇಬ್ಬರಿಗೂ ಒಟ್ಟಿಗೆ ಆಗುತ್ತದೆ. ನನಗೆ ಇದು ಅರ್ಥವಾದ ದಿನ ಎದ್ದು ಮನೆಯೊಳಗೆ ಓಡಾಡಿದೆ, ಕೂತುಕೊಳ್ಳಲಾಗಲಿಲ್ಲ.

ಅಕ್ಕನಿಗೆ ಆ ಆರು ಸಂಖ್ಯೆಗಳನ್ನೂ 952ನ್ನೂ ಮೆಸೇಜ್ ಮಾಡಿದೆ, ಬೇರೇನೂ ಬರೆಯಲಿಲ್ಲ. ಅವಳಿಗೆ ಈಗ ಎರಡು ಮಕ್ಕಳು, ಕೆಲಸ, ಟೀವಿ ಮುಂದೆ ಕೂರುವುದಕ್ಕೂ ಹೊತ್ತಿಲ್ಲ. ಎರಡು ದಿನ ಉತ್ತರ ಬರಲಿಲ್ಲ. ಮೂರನೇ ದಿನ ರಾತ್ರಿ ಹನ್ನೊಂದೂವರೆಗೆ ಫೋನ್ ಮಿನುಗಿತು. ಅವಳ ದಾರಿಯೇ ಬೇರೆ: '100 + 3 = 103. ಆರರಿಂದ ಗುಣಿಸು, 618. 75ರಿಂದ ಗುಣಿಸು, 46,350. 50ರಿಂದ ಭಾಗಿಸು, 927. ಇಪ್ಪತ್ತೈದು ಕೂಡು.' ಅದರ ಕೆಳಗೆ ಇನ್ನೊಂದು ಸಾಲು: 'ಮೊದಲೇ ಭಾಗಿಸಬಾರದು ಕಣೋ, ಒಂದೂವರೆ ಬರುತ್ತೆ, ಭಿನ್ನರಾಶಿ. ಇನ್ನೊಂದು ಕೊಡು.'